ಪ್ರೋಟೀನ್ ಡಬ್ಬಕ್ಕೆ ದುಡ್ಡು ಕೊಡುವ ಮುಂಚೆ: ತಟ್ಟೆಯ ಲೆಕ್ಕದಿಂದ ಲೇಬಲ್‌ವರೆಗೆ

ಅಕ್ಕನ ಮಗ ಜಿಮ್ಮಿಗೆ ಸೇರಿ ಇಪ್ಪತ್ತು ದಿನವೂ ಆಗಿರಲಿಲ್ಲ, ಮನೆಗೆ ಬಂದು ಬಾಗಿಲಲ್ಲೇ ನಿಂತ.

"ಮಾಮ, ಮೂರೂವರೆ ಸಾವಿರ ಬೇಕಾಗೈತೆ."

"ಯಾಕಲೇ?"

"ಪ್ರೋಟೀನ್ ತಗೋಬೇಕು. ಜಿಮ್ಮಲ್ಲಿ ಎಲ್ರೂ ತಗೋತಾರೆ. ಇಲ್ಲಾಂದ್ರೆ ಮಾಡಿದ್ದೆಲ್ಲ ವೇಸ್ಟ್ ಅಂತೆ."

ನಾನು ದಾವಣಗೆರೆ ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವವನು. ಯಾರು ದುಡ್ಡು ಕೇಳಿದರೂ ಮೊದಲು ಬಾಯಿಗೆ ಬರುವುದು "ಚೀಟಿ ತೋರ್ಸು" ಅನ್ನೋ ಮಾತು. ಅವನಿಗೂ ಅದನ್ನೇ ಅಂದೆ. ಡಬ್ಬದ ಚೀಟಿ ಆಮೇಲೆ, ಮೊದಲು ನೀನು ನಿನ್ನೆ ತಿಂದದ್ದರ ಚೀಟಿ ಬರಕೊಂಡು ಬಾ. ಮುಖ ಸಣ್ಣ ಮಾಡಿಕೊಂಡ, ಆದರೂ ಬರೆದ. ಕೆಳಗಿನದೆಲ್ಲ ಆ ಚೀಟಿಯಿಂದ ಶುರುವಾದದ್ದು. ನಾನು ಡಾಕ್ಟರಲ್ಲ, ಹತ್ತು ವರ್ಷದ ಹಿಂದೆ ಇದೇ ಡಬ್ಬದ ವ್ಯಾಪಾರದಲ್ಲಿ ಟೋಪಿ ಹಾಕಿಸಿಕೊಂಡು, ಆಮೇಲೆ ಓದಿಕೊಂಡವನು.

ಹೆಜ್ಜೆ 1: ನಿಮಗೆ ಬೇಕಾದ ಗ್ರಾಂ ಎಷ್ಟು?

ತಕ್ಕಡಿ ಹತ್ತಿ ತೂಕ ನೋಡಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹಾಕಿಕೊಟ್ಟ ಲೆಕ್ಕದಂತೆ, ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ಪ್ರತಿ ಕೆಜಿ ದೇಹತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. 65 ಕೆಜಿಯ ಗಂಡಸಿಗೆ 54 ಗ್ರಾಂ, 55 ಕೆಜಿಯ ಹೆಂಗಸಿಗೆ 46 ಗ್ರಾಂ. ಆಫೀಸು, ಅಂಗಡಿ, ಸಂಜೆ ಕುಂದವಾಡ ಕೆರೆ ಏರಿ ಮೇಲೆ ಒಂದು ವಾಕಿಂಗು, ಇಷ್ಟೇ ನಿಮ್ಮ ದಿನವಾದರೆ ಈ ಲೆಕ್ಕ ಸಾಕು.

ವಾರಕ್ಕೆ ಮೂರು-ನಾಲ್ಕು ದಿನ ನಿಜವಾಗಿ ಭಾರ ಎತ್ತುವವರಿಗೆ 1.2ರಿಂದ 1.6 ಗ್ರಾಂ ಹಿಡಿಯಬಹುದು. 2018ರಲ್ಲಿ 49 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆಯಲ್ಲಿ, ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳೆಯುವುದರಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ನಮ್ಮ ದೇಶದ 2024ರ ಆಹಾರ ಮಾರ್ಗಸೂಚಿಯೂ ಇದೇ ಗಡಿ ಹೇಳುತ್ತದೆ, ಮೈ ಬೆಳೆಸಲು ಪುಡಿಯ ಮೊರೆ ಹೋಗಬೇಡಿ ಅಂತಲೂ ಸೇರಿಸುತ್ತದೆ. ಜಿಮ್ಮಿನ ಗೋಡೆ ಮೇಲೆ ಕೆಜಿಗೆ ಮೂರು ಗ್ರಾಂ ಅಂತ ಬರೆದಿದ್ದರೆ ಅದು ಗೋಡೆಗೆ ಇರಲಿ.

ವಯಸ್ಸಾದವರ ಲೆಕ್ಕವೇ ಬೇರೆ. ಅರವತ್ತೈದು ದಾಟಿದ ಮೇಲೆ ಸ್ನಾಯು ತಾನಾಗಿಯೇ ಕರಗುತ್ತಾ ಬರುವುದರಿಂದ, ಮೂತ್ರಪಿಂಡ ಚೆನ್ನಾಗಿದ್ದರೆ 1.0ರಿಂದ 1.2 ಗ್ರಾಂ ಬೇಕು ಅನ್ನುವುದು ಈಗಿನ ತಜ್ಞರ ಸಲಹೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹುಡುಗ 62 ಕೆಜಿ. ಸಾದಾ ಲೆಕ್ಕಕ್ಕೆ 51 ಗ್ರಾಂ. ಜಿಮ್ಮಿನ ಲೆಕ್ಕಕ್ಕೆ ನಡುವಿನ 1.4 ಹಿಡಿದರೆ 87.

ಹೆಜ್ಜೆ 2: ತಟ್ಟೆಯ ಲೆಕ್ಕ

ಒಂದು ದಿನದ್ದಲ್ಲ, ಮೂರು ದಿನದ್ದು ಬರೆಯಿರಿ, ಅದರಲ್ಲಿ ಒಂದು ಭಾನುವಾರ ಇರಲಿ. ಅವನ ಒಂದು ದಿನ ಹೀಗಿತ್ತು. ಬೆಳಿಗ್ಗೆ ಚಾ, ಅದರ ಹಾಲಿನಿಂದ 2 ಗ್ರಾಂ. ತಿಂಡಿಗೆ ಎರಡು ಬೆಣ್ಣೆ ದೋಸೆ, ಚಟ್ನಿ, ಪಲ್ಯ: ಎಂಟರ ಆಸುಪಾಸು. ನಮ್ಮೂರ ದೋಸೆ ಹಿಟ್ಟಿಗೆ ಅಕ್ಕಿ, ಮಂಡಕ್ಕಿ ಜಾಸ್ತಿ, ಉದ್ದು ಕಮ್ಮಿ. ಬೆಣ್ಣೆಯಲ್ಲಿ ಪ್ರೋಟೀನ್ ಇಲ್ಲವೇ ಇಲ್ಲ ಅಂದರೆ ನಡೆದೀತು. ಮಧ್ಯಾಹ್ನ ಎರಡು ಜೋಳದ ರೊಟ್ಟಿ 10, ಒಂದು ಬಟ್ಟಲು ಹೆಸರುಕಾಳು ಪಲ್ಯ 7, ಅನ್ನ 4, ಸಾರು 3, ಮಜ್ಜಿಗೆ 2. ಸಂಜೆ ಗೆಳೆಯರ ಜೊತೆ ಖಾರ ಮಂಡಕ್ಕಿ, ಎರಡು ಮಿರ್ಚಿ: 8. ರಾತ್ರಿ ಅನ್ನ, ಸಾರು, ಒಂದು ಬಟ್ಟಲು ಗಟ್ಟಿ ಮೊಸರು: 14.

ಕೂಡಿಸಿದರೆ 58. ಅಂದರೆ ಜಿಮ್ಮಿಗೆ ಹೋಗದ ಹುಡುಗನಿಗೆ ಬೇಕಾದ್ದಕ್ಕಿಂತ ಏಳು ಗ್ರಾಂ ಹೆಚ್ಚೇ ತಿನ್ನುತ್ತಿದ್ದಾನೆ. "ನಮ್ಮ ಊಟದಾಗೆ ಏನೈತಿ, ಬರೇ ಅನ್ನ-ಸಾರು" ಅಂತ ಅಕ್ಕ ಹೇಳುತ್ತಿದ್ದಳು, ಅದು ಸುಳ್ಳಾಯಿತು. ರೊಟ್ಟಿ-ಕಾಳು ಜೋಡಿಯದು ಬೇರೆ ಲಾಭವೂ ಇದೆ. ಜೋಳ, ಅಕ್ಕಿಯಲ್ಲಿ ಲೈಸಿನ್ ಅನ್ನುವ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲಿ ಒಂದು) ಕಮ್ಮಿ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಮ್ಮಿ ಇರುವ ಮೆಥಿಯೋನಿನ್ ಧಾನ್ಯದಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಸಸ್ಯದ ಪ್ರೋಟೀನು ಹಾಲು-ಮೊಟ್ಟೆಯಷ್ಟು ಪೂರ್ತಿ ಜೀರ್ಣವಾಗುವುದಿಲ್ಲ, ಆದ್ದರಿಂದ ಬರೀ ಸಸ್ಯಾಹಾರಿಗಳು ಗುರಿಯನ್ನು ಸ್ವಲ್ಪ ಮೇಲೆಯೇ ಇಟ್ಟುಕೊಳ್ಳಲಿ.

ನಿಮ್ಮ ಲೆಕ್ಕಕ್ಕೆ ಬೇಕಾಗುವ ಅಂಕಿಗಳು ಇಲ್ಲಿವೆ, ಎಲ್ಲವೂ ಅಂದಾಜು. ಒಂದು ಮೊಟ್ಟೆಗೆ 6 ಗ್ರಾಂ. ಅರ್ಧ ಲೀಟರ್ ಹಾಲಿಗೆ 16. ನೂರು ಗ್ರಾಂ ಪನೀರಿಗೆ 18. ಬೇಯಿಸದ ಬೇಳೆ, ಕಾಳು ನೂರು ಗ್ರಾಮಿಗೆ 22ರಿಂದ 24. ಶೇಂಗಾ 25, ಪುಟಾಣಿ (ಹುರಿಗಡಲೆ) 20ಕ್ಕೆ ಸ್ವಲ್ಪ ಮೇಲೆ, ಸೋಯಾ ಚಂಕ್ಸ್ 52. ಹಸಿ ಕೋಳಿ ಮಾಂಸ, ಎಲುಬಿಲ್ಲದ್ದು, 21ರಿಂದ 23. ರಾಗಿ 7. ಕಾಳನ್ನು ಬೇಯಿಸಿದ ಮೇಲೆ ತೂಗಿ ಈ ಅಂಕಿ ಹಾಕಬೇಡಿ, ನೀರು ಕುಡಿದು ತೂಕ ಎರಡೂವರೆ ಪಟ್ಟು ಆಗಿರುತ್ತದೆ. ಬಹಳ ಜನ ತಪ್ಪುವುದು ಇಲ್ಲೇ.

ಹೆಜ್ಜೆ 3: ಕೊರತೆಯನ್ನು ಮೊದಲು ಅಡಿಗೆಮನೆಯಲ್ಲಿ ತುಂಬಿ ನೋಡಿ

87ರಲ್ಲಿ 58 ಕಳೆದರೆ 29. ಅರ್ಧ ಲೀಟರ್ ಹಾಲು 16, ಒಂದು ಹಿಡಿ ಅಂದರೆ 30 ಗ್ರಾಂ ಶೇಂಗಾ 7, ಅಷ್ಟೇ ಪುಟಾಣಿ 6. ಮುಗಿಯಿತು ಕೊರತೆ. ಅವನ ಮನೆಯಲ್ಲಿ ಮೊಟ್ಟೆ ಒಳಗೆ ತರುವ ಹಾಗಿಲ್ಲ, ಆದ್ದರಿಂದ ಮೊಟ್ಟೆ ಎಣಿಸಲಿಲ್ಲ. ನಿಮ್ಮಲ್ಲಿ ನಡೆಯುವುದಾದರೆ ಕೆಲಸ ಇನ್ನೂ ಸುಲಭ.

ಈಗ ರೂಪಾಯಿ ಲೆಕ್ಕ. ಬೆಲೆ ದಿನಾ ಬದಲಾಗುತ್ತದೆ, ನಿಮ್ಮ ಅಂಗಡಿಯ ದರ ಹಾಕಿಕೊಳ್ಳಿ. ಸೂತ್ರ ಒಂದೇ: ಬೆಲೆಯನ್ನು ಅದರೊಳಗಿನ ಒಟ್ಟು ಪ್ರೋಟೀನ್ ಗ್ರಾಮಿನಿಂದ ಭಾಗಿಸಿ. ಹುಡುಗ ತೋರಿಸಿದ ಡಬ್ಬ 1 ಕೆಜಿ, 3,500 ರೂಪಾಯಿ, ನೂರಕ್ಕೆ 75 ಗ್ರಾಂ ಪ್ರೋಟೀನ್. ಅಂದರೆ ಗ್ರಾಮಿಗೆ 4 ರೂಪಾಯಿ 67 ಪೈಸೆ. ಹಾಲು ಲೀಟರಿಗೆ 50 ಅಂತಿಟ್ಟುಕೊಂಡರೆ 1 ರೂಪಾಯಿ 56 ಪೈಸೆ. ಮೊಟ್ಟೆ 7 ರೂಪಾಯಿಗೆ ಒಂದಾದರೆ 1 ರೂಪಾಯಿ 17 ಪೈಸೆ. ಶೇಂಗಾ ಕೆಜಿಗೆ 150 ಆದರೆ 60 ಪೈಸೆ. ಸೋಯಾ ಅದೇ ಬೆಲೆಗೆ ಸಿಕ್ಕರೆ 29 ಪೈಸೆ.

ಡಬ್ಬದ ಪರವಾಗಿಯೂ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಲೆಕ್ಕ ಅರ್ಧ. ಶೇಂಗಾದಿಂದಲೇ 25 ಗ್ರಾಂ ಪ್ರೋಟೀನ್ ಪಡೆಯಬೇಕಾದರೆ ನೂರು ಗ್ರಾಂ ತಿನ್ನಬೇಕು, ಜೊತೆಗೆ 570ರಷ್ಟು ಕ್ಯಾಲೊರಿ ಒಳಗೆ ಹೋಗುತ್ತದೆ. ಅಷ್ಟೇ ಪ್ರೋಟೀನ್ ಪುಡಿಯಿಂದ ಬಂದರೆ 130 ಕ್ಯಾಲೊರಿ. ತೂಕ ಇಳಿಸುತ್ತಾ ಸ್ನಾಯು ಉಳಿಸಿಕೊಳ್ಳಬೇಕಾದ ಸಸ್ಯಾಹಾರಿಗೆ ಈ ವ್ಯತ್ಯಾಸ ದೊಡ್ಡದು. ಬೆಳಿಗ್ಗೆ ಐದೂವರೆಗೆ ಬಸ್ ಹತ್ತಿ ರಾತ್ರಿ ಬರುವವರಿಗೂ ಪುಡಿ ಅನುಕೂಲವೇ.

ಮನೆ ಶೇಕ್ ಬೇಕೆನ್ನುವವರಿಗೆ: ಕಾಲು ಲೀಟರ್ ಹಾಲು, ಮೂವತ್ತು ಗ್ರಾಂ ಪುಟಾಣಿ ಹಿಟ್ಟು, ಹುರಿದು ಸಿಪ್ಪೆ ತೆಗೆದ ಹದಿನೈದು ಗ್ರಾಂ ಶೇಂಗಾ, ಒಂದು ಏಲಕ್ಕಿ ಬಾಳೆಹಣ್ಣು. ಮಿಕ್ಸಿಗೆ ಮೊದಲು ಶೇಂಗಾ ಹಾಕಿ ತರಿಯಾಗಿ ತಿರುಗಿಸಿ, ಆಮೇಲೆ ಉಳಿದದ್ದು. 18 ಗ್ರಾಂ ಪ್ರೋಟೀನ್ ಆಗುತ್ತದೆ. ಪುಟಾಣಿ ಹಿಟ್ಟನ್ನು ಬರೀ ಮಂಡಕ್ಕಿಗೆ ಉದುರಿಸಿಕೊಂಡು ತಿಂದ ನಮಗೆ ಇದು ಮೊದಲ ದಿನ ವಿಚಿತ್ರ ಅನ್ನಿಸುತ್ತದೆ, ನಾಲ್ಕನೇ ದಿನ ರೂಢಿಯಾಗುತ್ತದೆ. ನಮ್ಮೂರ ಗರಡಿಮನೆಗಳಲ್ಲಿ ಮೈ ಬೆಳೆಸಿ ದುಗ್ಗಮ್ಮನ ಜಾತ್ರೆಯ ಕುಸ್ತಿ ಕಣಕ್ಕೆ ಇಳಿದ ಹಳೇ ಪೈಲ್ವಾನರು ಕುಡಿದದ್ದೂ ಹಾಲೇ, ಬಾದಾಮಿ ಅರೆದು. ಅವರು ತಿಂದದ್ದನ್ನಷ್ಟೇ ನೋಡಬೇಡಿ. ಹೊಡೆದ ದಂಡ-ಬೈಠಕ್ಕನ್ನೂ ಎಣಿಸಿ.

ಹೆಜ್ಜೆ 4: ಪುಡಿ ಯಾರಿಗೆ, ಯಾರಿಗಲ್ಲ

ಇದೇ ಹೊತ್ತಿನಲ್ಲಿ ನನ್ನ ಅವ್ವನ ತಟ್ಟೆಯನ್ನೂ ಬರೆದೆ, ತಮಾಷೆಗೆ ಅಂತ. ಎಪ್ಪತ್ತೊಂದು ವರ್ಷ, 48 ಕೆಜಿ. ಚಿಕುನ್‌ಗುನ್ಯಾ ಬಂದು ಹೋದ ಮೇಲೆ ರೊಟ್ಟಿ ಬಿಟ್ಟಿದ್ದಳು, ಹಲ್ಲು ಹಿಡಿಯುವುದಿಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಎರಡು ತುತ್ತು ಅನ್ನ-ಮಜ್ಜಿಗೆ, ರಾತ್ರಿ ಅದೇ. ಕೂಡಿಸಿದಾಗ 28 ಗ್ರಾಂ. ಬೇಕಾದ್ದು ಕನಿಷ್ಠ 48. ತಮಾಷೆ ಅಲ್ಲೇ ನಿಂತಿತು. ಕೆಳಗೆ ಕೂತರೆ ಏಳಲು ಗೋಡೆ ಹಿಡಿಯುತ್ತಿದ್ದದ್ದಕ್ಕೆ ನಾವು "ವಯಸ್ಸು" ಅಂತಿದ್ದೆವು.

ಹಾಗಾಗಿ ನಮ್ಮ ಮನೆಗೆ ಡಬ್ಬ ಬಂದದ್ದು ಹುಡುಗನಿಗಲ್ಲ, ಅವನ ಅಜ್ಜಿಗೆ. ಅದಕ್ಕೂ ಮುಂಚೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಮೂತ್ರಪಿಂಡ ಸರಿಯಾಗಿ ಸೋಸುತ್ತಿದೆಯೇ ಅಂತ ಹೇಳುವ ಕ್ರಿಯಾಟಿನಿನ್ ಅಂಕಿ ನೋಡಿದರು, ಸರಿ ಇದೆ ಅಂದ ಮೇಲೆಯೇ ತಂದೆವು. ಈ ಹೆಜ್ಜೆ ತಪ್ಪಿಸಬೇಡಿ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಹೆಚ್ಚಿನ ಪ್ರೋಟೀನ್ ಹೊರೆ. ಆರೋಗ್ಯವಾಗಿರುವ ಮೂತ್ರಪಿಂಡ ಪುಡಿಯಿಂದ ಕೆಡುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ತನ್ನದು ಆರೋಗ್ಯವಾಗಿದೆ ಅಂತ ಪರೀಕ್ಷೆ ಮಾಡಿಸದೆ ಗೊತ್ತಾಗುವುದು ಹೇಗೆ? ಸಕ್ಕರೆ ಕಾಯಿಲೆ, ಬಿಪಿ ಇರುವವರು ಮೊದಲು ಪರೀಕ್ಷೆಗೆ ಹೋಗಲಿ. ಜಿಮ್ಮಿನವರು ಶಕ್ತಿಗೆ ಅಂತ ತಿನ್ನುವ ಕ್ರಿಯಾಟಿನ್ ಪುಡಿ (ಹೆಸರು ಹತ್ತಿರ, ವಸ್ತು ಬೇರೆ) ತೆಗೆದುಕೊಳ್ಳುತ್ತಿದ್ದರೆ ಅದನ್ನು ಡಾಕ್ಟರಿಗೆ ಹೇಳಿ, ಅದರಿಂದಲೇ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಅಂಕಿ ಏರಬಹುದು. ಬಸುರಿಯರು, ಬಾಣಂತಿಯರು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳುವುದು ಬೇಡ. ಹದಿನೆಂಟರ ಒಳಗಿನವರಿಗೆ ಊಟವೇ ಸಾಕು. ಮಕ್ಕಳಿಗೆ ಹಾಲಿನಲ್ಲಿ ಕಲಸಿಕೊಡುವ ಕಂದು ಪುಡಿಗಳು ಪ್ರೋಟೀನ್ ಪುಡಿಗಳಲ್ಲ. ಅವುಗಳಲ್ಲಿ ಬಹಳಷ್ಟರಲ್ಲಿ ಸಕ್ಕರೆಯದೇ ಕಾರುಬಾರು. "ಹೆಲ್ತ್ ಡ್ರಿಂಕ್" ಅನ್ನುವ ಪದಕ್ಕೆ ನಮ್ಮ ಆಹಾರ ಕಾಯ್ದೆಯಲ್ಲಿ ಅರ್ಥವೇ ಇಲ್ಲ ಅಂತ 2024ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹೇಳಿತು.

ಹೆಜ್ಜೆ 5: ಯಾವ ಬಗೆ?

ವೇ ಪ್ರೋಟೀನ್ ಅಂದರೆ ಚೀಸ್ ಮಾಡುವಾಗ ಗಟ್ಟಿ ಭಾಗ ತೆಗೆದ ಮೇಲೆ ಉಳಿಯುವ ನೀರನ್ನು ಸೋಸಿ, ಒಣಗಿಸಿ ಮಾಡಿದ ಪುಡಿ. ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸಿನ್, ಒಂದು ಪಾಲು ವೇ. ಮನೆಯಲ್ಲಿ ಪನೀರ್ ಬಸಿದ ನೀರೂ ಇದರ ಬಂಧುವೇ, ಆದರೆ ನೂರು ಮಿಲಿಯಲ್ಲಿ ಒಂದು ಗ್ರಾಂ ಪ್ರೋಟೀನೂ ಇರುವುದಿಲ್ಲ. ಅದನ್ನು ಲೋಟ ಲೋಟ ಕುಡಿದು ತೋಳು ನೋಡಿಕೊಳ್ಳುವುದಕ್ಕಿಂತ ಸಾರಿಗೆ ಹಾಕುವುದು ಲೇಸು.

ಕಾನ್ಸಂಟ್ರೇಟ್ ಅನ್ನುವುದರಲ್ಲಿ ನೂರಕ್ಕೆ 70-80 ಪ್ರೋಟೀನ್, ಸ್ವಲ್ಪ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇರುತ್ತದೆ. ಐಸೊಲೇಟ್‌ನಲ್ಲಿ ತೊಂಬತ್ತರ ಹತ್ತಿರ, ಲ್ಯಾಕ್ಟೋಸ್ ಅತಿ ಕಡಿಮೆ, ಬೆಲೆ ಜಾಸ್ತಿ. ಹೈಡ್ರೊಲೈಸೇಟ್, ಅಂದರೆ ಮೊದಲೇ ಚೂರು ಮಾಡಿಟ್ಟ ಪ್ರೋಟೀನ್, ಇನ್ನೂ ದುಬಾರಿ, ಕಹಿ, ಸಾಮಾನ್ಯರಿಗೆ ಅನಗತ್ಯ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸದಿದ್ದರೆ ಕಾನ್ಸಂಟ್ರೇಟ್ ಸಾಕು, ಉಬ್ಬರಿಸಿದರೆ ಐಸೊಲೇಟ್. ಹಾಲಿನದೇ ಬೇಡ ಅನ್ನುವವರಿಗೆ ಸೋಯಾ, ಇಲ್ಲವೇ ಬಟಾಣಿ ಮತ್ತು ಅಕ್ಕಿ ಪ್ರೋಟೀನ್ ಬೆರೆಸಿದ್ದು. ರೊಟ್ಟಿ-ಕಾಳಿನ ಅದೇ ಜೋಡಿ, ಡಬ್ಬದೊಳಗೆ. ಪ್ರೋಟೀನ್ ಸಾಕಷ್ಟು ತಿನ್ನುವವರಿಗೆ ಬಿಸಿಎಎ (ಮೂರು ಅಮೈನೋ ಆಮ್ಲಗಳನ್ನಷ್ಟೇ ಬೇರೆ ಮಾಡಿ ಮಾರುವ ಪುಡಿ) ಬೇಕಿಲ್ಲ.

ಮಾಸ್ ಗೇನರ್, ಅಂದರೆ ತೂಕ ಏರಿಸಲು ಅಂತ ಮಾರುವ ಪುಡಿ, ಅದರ ಬಗ್ಗೆ ನನ್ನ ಕಥೆಯೇ ಇದೆ. ಹತ್ತು ವರ್ಷದ ಹಿಂದೆ, ತೆಳ್ಳಗಿದ್ದೆ. ಒಬ್ಬರು ಮೂರು ಕೆಜಿಯ ದೊಡ್ಡ ಡಬ್ಬ ಹೊರಿಸಿ ಕಳಿಸಿದರು. ನಾನು ದೊಡ್ಡ ಅಕ್ಷರ ಮಾತ್ರ ಓದಿದೆ. ಎರಡು ತಿಂಗಳಾದ ಮೇಲೆ ಪ್ಯಾಂಟಿನ ಗುಂಡಿ ಹಾಕಲು ಬರದೆ ಡಬ್ಬದ ಹಿಂಭಾಗ ತಿರುಗಿಸಿ ನೋಡಿದರೆ, ನೂರು ಗ್ರಾಂ ಪುಡಿಯಲ್ಲಿ ಪ್ರೋಟೀನ್ 15, ಕಾರ್ಬೋಹೈಡ್ರೇಟ್ 78. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟವನ್ನು ಒಡೆದು ಮಾಡಿದ ಪುಡಿ. ತೋಳು ಇದ್ದಷ್ಟೇ ಇತ್ತು. ತೂಕ ಏರಿಸಬೇಕೆಂದರೆ ಬಾಳೆಹಣ್ಣು, ಶೇಂಗಾ, ತುಪ್ಪ, ಮುದ್ದೆ ಇವೆ. ಮಂಡಿಪೇಟೆಯಲ್ಲಿ ಮೂಟೆಗಟ್ಟಲೆ ಧಾನ್ಯ ನೋಡುವವನು ಪಿಷ್ಟಕ್ಕೆ ಆ ಬೆಲೆ ಕೊಟ್ಟದ್ದು ಈಗಲೂ ಚುಚ್ಚುತ್ತದೆ.

ಹೆಜ್ಜೆ 6: ಲೇಬಲ್ ಓದುವ ಕ್ರಮ

ಮುಂಭಾಗ ಬಿಡಿ. ಹಿಂದೆ ತಿರುಗಿಸಿ, ಮೊದಲು ಪೌಷ್ಟಿಕಾಂಶದ ಕೋಷ್ಟಕದಲ್ಲಿ "ಪ್ರತಿ 100 ಗ್ರಾಂ" ಅನ್ನುವ ಸಾಲು ಹುಡುಕಿ. "ಒಂದು ಸ್ಕೂಪಿಗೆ 24 ಗ್ರಾಂ" ಅಂತ ಮುಂದೆ ಇರುತ್ತದೆ, ಸ್ಕೂಪ್ 30 ಗ್ರಾಮೋ 46 ಗ್ರಾಮೋ ಅನ್ನುವುದು ಚಿಕ್ಕ ಅಕ್ಷರದಲ್ಲಿರುತ್ತದೆ. 24ನ್ನು ಸ್ಕೂಪಿನ ತೂಕದಿಂದ ಭಾಗಿಸಿದರೆ ಸತ್ಯ ಹೊರಗೆ ಬೀಳುತ್ತದೆ: 33 ಗ್ರಾಮಿನ ಸ್ಕೂಪಾದರೆ ನೂರಕ್ಕೆ 73, 46 ಗ್ರಾಮಿನದಾದರೆ 52. ವೇ ಅಂತ ಮಾರುವ ಪುಡಿಯಲ್ಲಿ 65ಕ್ಕಿಂತ ಕೆಳಗಿದ್ದರೆ ನಾನು ಕೆಳಗಿಡುತ್ತೇನೆ.

ಆಮೇಲೆ ಪದಾರ್ಥಗಳ ಪಟ್ಟಿ. ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ, ಆದ್ದರಿಂದ ಮೊದಲ ಹೆಸರು ಪ್ರೋಟೀನಿನದೇ ಆಗಿರಬೇಕು. ಪಟ್ಟಿ ಚಿಕ್ಕದಿದ್ದಷ್ಟು ಒಳ್ಳೆಯದು. ಗ್ಲೈಸಿನ್, ಟಾರಿನ್ ಮುಂತಾದ ಅಮೈನೋ ಆಮ್ಲಗಳು ಬಿಡಿಬಿಡಿಯಾಗಿ ಸೇರಿದ್ದರೆ ಎಚ್ಚರ. ಕಾರಣ ಇದು: ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಳೆಯುವುದು ಪ್ರೋಟೀನನ್ನೇ ಅಲ್ಲ, ಸಾರಜನಕವನ್ನು, ಅದನ್ನು 6.25ರಂಥ ಒಂದು ಅಂಕಿಯಿಂದ ಗುಣಿಸಿ ಪ್ರೋಟೀನ್ ಅನ್ನುತ್ತಾರೆ. ಅಗ್ಗದ ಗ್ಲೈಸಿನ್ ಸುರಿದರೂ ಸಾರಜನಕ ಏರುತ್ತದೆ, ಲೇಬಲ್ ಮೇಲಿನ ಅಂಕಿ ಏರುತ್ತದೆ, ನಿಮ್ಮ ಸ್ನಾಯುವಿಗೆ ಏನೂ ದಕ್ಕುವುದಿಲ್ಲ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿ ಮಾಡುವ ಹಾಲಿಗೆ ಮೆಲಮೈನ್ ಅನ್ನುವ ಸಾರಜನಕ ತುಂಬಿದ ರಾಸಾಯನಿಕ ಬೆರೆಸಿದ್ದೂ ಇದೇ ಅಳತೆಗೆ ಕಣ್ಣುಕಟ್ಟು ಮಾಡಲಿಕ್ಕೆ. ಇದಕ್ಕೆ ಮದ್ದು, ಲ್ಯೂಸಿನ್ ಅನ್ನುವ ಅಮೈನೋ ಆಮ್ಲದ ಅಂಕಿ ನೋಡುವುದು: 25 ಗ್ರಾಂ ವೇ ಪ್ರೋಟೀನಿನಲ್ಲಿ ಎರಡೂವರೆ ಗ್ರಾಂ ಆಸುಪಾಸು ಇರಬೇಕು. ಅಮೈನೋ ಆಮ್ಲಗಳ ಪಟ್ಟಿಯನ್ನೇ ಕೊಡದವರಿಗಿಂತ ಕೊಟ್ಟವರು ಮೇಲು.

ಇದು ಬರೀ ಅನುಮಾನದ ಮಾತಲ್ಲ. ಭಾರತದಲ್ಲಿ ಮಾರಾಟವಾಗುವ 36 ಪುಡಿಗಳನ್ನು ಪರೀಕ್ಷೆ ಮಾಡಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 25 ಪುಡಿಗಳ ಲೇಬಲ್ಲಿಗೂ ಒಳಗಿನ ಪ್ರೋಟೀನಿಗೂ ತಾಳೆಯಾಗಲಿಲ್ಲ. ಕೆಲವದರಲ್ಲಿ ಅಫ್ಲಟಾಕ್ಸಿನ್ ಅನ್ನುವ ಬೂಷ್ಟಿನ ವಿಷ, ಕೀಟನಾಶಕದ ಅಂಶವೂ ಸಿಕ್ಕಿತು.

ಎಫ್‌ಎಸ್‌ಎಸ್‌ಎಐ ಗುರುತಿನ ಕೆಳಗೆ 14 ಅಂಕಿಯ ಲೈಸೆನ್ಸ್ ನಂಬರ್ ಇರಬೇಕು. ಅವರ ಫುಡ್ ಸೇಫ್ಟಿ ಕನೆಕ್ಟ್ ಆ್ಯಪಿನಲ್ಲಿ ಹಾಕಿದರೆ ಯಾರ ಹೆಸರಿಗಿದೆ ಅಂತ ಗೊತ್ತಾಗುತ್ತದೆ. ವಿದೇಶದ್ದಾದರೆ ಆಮದುದಾರರ ಹೆಸರು, ವಿಳಾಸ, ಅವರ ನಂಬರು ಇರುವ ಚೀಟಿ ಅಂಟಿಸಿರಬೇಕು. ಸ್ಪರ್ಧೆಗಿಳಿಯುವ ಹುಡುಗರು, ಕ್ರೀಡಾ ಹಾಸ್ಟೆಲ್ಲಿನವರು, ಇಷ್ಟಕ್ಕೇ ತೃಪ್ತರಾಗಬಾರದು. ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ "ಪುಡಿಯಲ್ಲಿ ಏನಿತ್ತೋ ಗೊತ್ತಿರಲಿಲ್ಲ" ಅನ್ನುವ ಮಾತು ನಡೆಯುವುದಿಲ್ಲ. ಇನ್‌ಫಾರ್ಮ್ಡ್ ಸ್ಪೋರ್ಟ್‌ನಂಥ ಹೊರಗಿನ ಪರೀಕ್ಷೆಯ ಮುದ್ರೆ ಇರುವುದನ್ನೇ ಕೊಳ್ಳಿ, ಬ್ಯಾಚ್ ನಂಬರ್ ಸಹಿತ ತಾಳೆ ನೋಡಿ.

ಹೆಜ್ಜೆ 7: ಕೊಳ್ಳುವಾಗ

ಬಿಲ್ಲು ಕೊಡದ ಕಡೆ ಬೇಡ. ತರಬೇತುದಾರರೇ ಬ್ಯಾಗಿನಿಂದ ತೆಗೆದುಕೊಟ್ಟರೆ ನಯವಾಗಿ "ಮನೇಲಿ ಕೇಳ್ತೀನಿ ಸರ್" ಅನ್ನಿ. ಮೊದಲ ಸಲ ಅರ್ಧ ಕೆಜಿಯದೇ ಸಾಕು. ಮುಚ್ಚಳದ ಕೆಳಗಿನ ಸೀಲ್ ಹರಿದಿರಬಾರದು. ಕೆರೆದು ನೋಡುವ ಕೋಡ್ ಇದ್ದರೆ ಕಂಪನಿಯ ಸೈಟಿನಲ್ಲಿ ನೀವೇ ವಿಳಾಸ ಟೈಪ್ ಮಾಡಿ ಪರೀಕ್ಷಿಸಿ, ಡಬ್ಬದ ಮೇಲಿನ ಕ್ಯೂಆರ್ ಎಲ್ಲಿಗೆ ಬೇಕಾದರೂ ಕರೆದೊಯ್ಯಬಹುದು. ಬೆಂಕಿ ಹಚ್ಚಿ ನೋಡುವುದು, ನಿಂಬೆರಸ ಹಿಂಡುವುದು, ಇಂಥ ವಿಡಿಯೋ ಪರೀಕ್ಷೆಗಳಿಂದ ಅಸಲಿ-ನಕಲಿ ತೀರ್ಮಾನವಾಗುವುದಿಲ್ಲ. ಅಯೋಡಿನ್ ಹನಿ ಹಾಕಿದಾಗ ಕಡುನೀಲಿ ಆದರೆ ಪಿಷ್ಟ ಇದೆ ಅನ್ನಬಹುದು, ಆಗದಿದ್ದರೆ ಶುದ್ಧ ಅನ್ನಲಾಗದು.

ಹೆಜ್ಜೆ 8: ಬಳಸುವಾಗ

ಕೊರತೆ ಎಷ್ಟೋ ಅಷ್ಟೇ. ಸ್ಕೂಪ್ ಪೂರ್ತಿ ತುಂಬಬೇಕೆಂದು ಶಾಸ್ತ್ರವಿಲ್ಲ. ನಮ್ಮ ಅಡಿಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ: 33 ಗ್ರಾಮಿನ ಸ್ಕೂಪನ್ನು ಗೋಪುರವಾಗಿ ತುಂಬಿದರೆ 41 ಬಂತು, ಚಾಕುವಿನಿಂದ ಸವರಿದರೆ 32. ಮೊದಲ ವಾರ ಅರ್ಧ ಹಾಕಿ, ಹೊಟ್ಟೆ ಒಪ್ಪಿದರೆ ಮುಂದೆ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ಎಲ್ಲ ಹಾಳು ಅನ್ನುವುದಕ್ಕೆ ಬೆದರಬೇಡಿ, ಇಡೀ ದಿನದ ಮೊತ್ತವೇ ಮುಖ್ಯ. ಒಂದೇ ಊಟಕ್ಕೆ ಸುರಿಯುವ ಬದಲು ಮೂರು-ನಾಲ್ಕು ಹೊತ್ತಿಗೆ ಹಂಚಿ.

ಅವ್ವನಿಗೆ ರುಚಿ-ಬಣ್ಣ ಸೇರಿಸದ ಕಾನ್ಸಂಟ್ರೇಟ್ ತಂದೆ. ಹದಿನೈದು ಗ್ರಾಂ ಬೆಳಿಗ್ಗೆ, ಹದಿನೈದು ಸಂಜೆ, ಒಟ್ಟು 22 ಗ್ರಾಂ ಪ್ರೋಟೀನ್. ಮೊದಲ ದಿನ ಕುದಿಯುವ ರಾಗಿ ಗಂಜಿಗೆ ಸುರಿದೆ. ಕಣ್ಣೆದುರೇ ಬಿಳಿ ಬಿಳಿ ಹರಳು ಕಟ್ಟಿತು. ಅವ್ವ ಚಮಚದಲ್ಲಿ ಕೆದಕಿ, "ಗಂಜಿ ಒಡದೈತಲ್ಲೋ" ಅಂತ ಬಟ್ಟಲನ್ನು ನನಗೇ ದಾಟಿಸಿದಳು. ಎಪ್ಪತ್ತು ಡಿಗ್ರಿ ದಾಟಿದರೆ ವೇ ಹೀಗೆ ಗಂಟು ಕಟ್ಟುತ್ತದೆ. ಸತ್ವ ಹೋಗುವುದಿಲ್ಲ, ಆದರೆ ಗಂಟಲಿಗಿಳಿಯುವುದಿಲ್ಲ. ಮರುದಿನ ಪುಡಿಯನ್ನು ತಣ್ಣೀರಲ್ಲಿ ಪೇಸ್ಟ್ ಮಾಡಿಟ್ಟುಕೊಂಡು, ಗಂಜಿ ಉಗುರುಬೆಚ್ಚಗಾದ ಮೇಲೆ ಬೆರೆಸಿದೆ. ಕುಡಿದಳು, ಉಪ್ಪು ಸಾಲದು ಅಂದಳು, ಅಷ್ಟೇ.

ಶೇಕರ್ ಬಳಸುವವರು ಕುಡಿದ ಕೂಡಲೇ ತೊಳೆಯಿರಿ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಮರೆತ ಶೇಕರನ್ನು ಸಂಜೆ ತೆರೆದವರಿಗೆ ಕಾರಣ ಹೇಳಬೇಕಿಲ್ಲ. ಕಲಸಿದ್ದನ್ನು ಹೊರಗೆ ಗಂಟೆಗಟ್ಟಲೆ ಇಡಬೇಡಿ. ಡಬ್ಬಕ್ಕೆ ಒದ್ದೆ ಚಮಚ ಬೇಡ, ಒಲೆ ಪಕ್ಕ ಬೇಡ. ಮೈ ತುರಿಕೆ, ನಿಲ್ಲದ ಭೇದಿ, ಕಾಲು ಬಾವು ಕಂಡರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಎರಡು ತಿಂಗಳಿಗೊಮ್ಮೆ ತಟ್ಟೆಯ ಲೆಕ್ಕ ಮತ್ತೆ ಬರೆಯಿರಿ. ಅವ್ವನದು ಈಗ ಊಟದಿಂದಲೇ 41ಕ್ಕೆ ಬಂದಿದೆ, ಹಲ್ಲಿನ ಸೆಟ್ಟು ಕಟ್ಟಿಸಿದ ಮೇಲೆ ಮೆತ್ತಗಿನ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿನ್ನುತ್ತಾಳೆ. ಪುಡಿ ದಿನಕ್ಕೊಂದು ಹೊತ್ತಿಗೆ ಇಳಿದಿದೆ. ಹುಡುಗ ಅರ್ಧ ಲೀಟರ್ ಹಾಲು, ಜೇಬಲ್ಲಿ ಶೇಂಗಾ-ಪುಟಾಣಿ ಹಾಕಿಕೊಂಡು ಜಿಮ್ಮಿಗೆ ಹೋಗುತ್ತಾನೆ. ಮೊದಲ ಡಬ್ಬ ಖಾಲಿಯಾದ ದಿನವೇ ಅವ್ವ ಅದನ್ನು ತೊಳೆದು ಒಣಗಿಸಿ ಶೇಂಗಾ ಚಟ್ನಿಪುಡಿ ತುಂಬಿಟ್ಟಳು. ಸ್ಕೂಪ್ ಇನ್ನೂ ಅದರೊಳಗೇ ಇದೆ.